ಸೊಂಟ ಹಿಡಿದ ಮೇಲೆ ಬುದ್ಧಿ ಬಂತು!

"ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು" ಎಂಬ ಗಾದೆಯನ್ನು ನಾವು ಹೆಂಗಸರು ದಿನಕ್ಕೊಮ್ಮೆಯಾದರೂ ಮಕ್ಕಳಿಗೆ ಹೇಳುತ್ತಿರುತ್ತೇವೆ. ಆ ಗಾದೆ ನನ್ನ ಸೊಂಟಕ್ಕೇ ಬಂದು ಕುಳಿತ ಕಥೆಯನ್ನು ಇವತ್ತು ನಿಮಗೆ ಹೇಳಬೇಕು, ಸೋದರಿಯರೇ. ಕಥೆ ನನ್ನೊಬ್ಬಳದೇ ಆಗಿದ್ದರೆ ಬರೆಯುತ್ತಿರಲಿಲ್ಲ. ಇನ್ನೊಬ್ಬಳದೂ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮದು ಸಾಗರದ ಕಡೆ. ಅಡಿಕೆ ಕೊಯ್ಲು ಶುರುವಾಯಿತೆಂದರೆ ಮನೆಯೇ ಛತ್ರವಾಗುತ್ತದೆ. ಹೋದ ವರ್ಷ ಕೊಯ್ಲಿನವರು, ಸುಲಿಯುವವರು ಎಲ್ಲ ಸೇರಿ ಹದಿನಾಲ್ಕು ಜನ ಊಟಕ್ಕೆ. ಹುಳಿ ಇನ್ನೇನು ಕುದಿಯಬೇಕು, ಗ್ಯಾಸ್ ಮುಗಿಯಿತು. ತುಂಬಿದ ಸಿಲಿಂಡರ್ ಜಗಲಿಯ ಮೂಲೆಯಲ್ಲಿತ್ತು. ಯಜಮಾನರು ತೋಟದಲ್ಲಿ, ಮಗ ಕಾಲೇಜಿನಲ್ಲಿ. "ಅಯ್ಯೋ, ಇದಕ್ಕೆ ಯಾರನ್ನ ಕರೀಲಿ" ಅಂದುಕೊಂಡು ಬಗ್ಗಿದೆ, ಎರಡೂ ಕೈಯಲ್ಲಿ ಹಿಡಿದೆ, ಎತ್ತಿದೆ, ಹೊಸ್ತಿಲು ದಾಟಿಸಲು ಪಕ್ಕಕ್ಕೆ ತಿರುಗಿದೆ. ಅಷ್ಟೇ! ಸೊಂಟದಲ್ಲಿ 'ಕಳಕ್' ಅಂತು. ಸಿಲಿಂಡರ್ ಅಲ್ಲೇ ನಿಂತಿತು. ಬಗ್ಗಿದ ನಾನೂ ಬಗ್ಗಿದ ಹಾಗೇ ನಿಂತೆ.

ಅತ್ತೆ ಎಣ್ಣೆ ಬಿಸಿ ಮಾಡಿ ತಂದರು. ಸಾಲದ್ದಕ್ಕೆ, ಕಾಲು ಮುಂದಾಗಿ ಹುಟ್ಟಿದವರ ಕೈಲಿ ಸೊಂಟಕ್ಕೆ ಒದೆಸಿಕೊಂಡರೆ ಉಳುಕು ಬಿಡುತ್ತದೆಂದು ಪಕ್ಕದ ಮನೆಯ ಹುಡುಗನನ್ನು ಕರೆತರಲು ಹೊರಟೇಬಿಟ್ಟರು. ನನಗೋ ಅಳಬೇಕೋ ನಗಬೇಕೋ ತಿಳಿಯದು. ನಕ್ಕರೂ ನೋವು, ಅತ್ತರೂ ನೋವು. ಅಂತೂ ಡಾಕ್ಟರ ಹತ್ತಿರ ಹೋಗಿ, ಎಂಟು ದಿನ ಮನೆಯವರ ಕೈಯಲ್ಲಿ ಸೇವೆ ಮಾಡಿಸಿಕೊಂಡು ಎದ್ದೆ. ನನ್ನ ತಂಗಿಯ ಮಗಳು ಫಿಸಿಯೋಥೆರಪಿ ಓದಿದವಳು. ನೋಡಲು ಬಂದವಳು ಮಂಚದ ಪಕ್ಕ ಕೂತು, "ದೊಡ್ಡಮ್ಮಾ, ಆ ಸಿಲಿಂಡರಿನ ತೂಕ ಎಷ್ಟೂಂತ ಗೊತ್ತಾ?" ಎಂದು ಕೇಳಿದಳು. ಇಪ್ಪತ್ತು ವರ್ಷದಿಂದ ಎಳೆದಾಡುತ್ತಿದ್ದೇನೆ, ಒಂದು ದಿನವೂ ನಾನದನ್ನು ಯೋಚಿಸಿರಲಿಲ್ಲ!

ಭಾರದ ಲೆಕ್ಕ

ಅಡಿಗೆ ಸಿಲಿಂಡರಿನಲ್ಲಿ ಗ್ಯಾಸೇ 14.2 ಕಿಲೋ. ಖಾಲಿ ಸಿಲಿಂಡರಿನ ತೂಕ ಸುಮಾರು 15-16 ಕಿಲೋ. ಅದರ ಮೇಲೇ ಬರೆದಿರುತ್ತದೆ, ನೋಡಿ. ಎರಡೂ ಸೇರಿದರೆ ಹತ್ತಿರ ಹತ್ತಿರ 30 ಕಿಲೋ ಆಯಿತು. ಒಂದು ಲೀಟರ್ ನೀರಿಗೆ ಒಂದು ಕಿಲೋ. 15 ಲೀಟರಿನ ಕೊಡ ತುಂಬಿ ಸೊಂಟದ ಮೇಲಿಟ್ಟರೆ 15 ಕಿಲೋ, ತಾಮ್ರದ್ದಾದರೆ ಕೊಡದ ತೂಕ ಬೇರೆ. ದಿನಕ್ಕೆ ಹತ್ತು ಕೊಡ ಹೊತ್ತರೆ ಒಂದೂವರೆ ಕ್ವಿಂಟಲ್! ನಮ್ಮನ್ನು ಯಾರಾದರೂ "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರೆ "ಮನೇಲೇ ಇದ್ದೀನಿ" ಅಂತೀವಿ.

ಹಾಗಾದರೆ ಎಷ್ಟು ಭಾರ ಎತ್ತಬಹುದು? ಅಮೆರಿಕದಲ್ಲಿ ಕೆಲಸಗಾರರ ಆರೋಗ್ಯಕ್ಕೆಂದೇ ಇರುವ ಸರ್ಕಾರಿ ಸಂಸ್ಥೆಯೊಂದು 1991ರಲ್ಲಿ ಇದಕ್ಕೆ ಒಂದು ಲೆಕ್ಕ ಮಾಡಿಟ್ಟಿದೆ. ಎಲ್ಲ ಅನುಕೂಲವೂ ಇದ್ದಾಗ, ಅಂದರೆ ವಸ್ತು ಮೈಗೆ ಹತ್ತಿರ, ಹೆಚ್ಚುಕಡಿಮೆ ತೊಡೆಯಷ್ಟು ಎತ್ತರದಲ್ಲಿ, ಹಿಡಿ ಗಟ್ಟಿಯಾಗಿ, ಮೈ ತಿರುಚದೆ ಎತ್ತುವಾಗ, ಮಿತಿ 23 ಕಿಲೋ. ವಸ್ತು ಪಾದದಿಂದ ಎರಡು ಗೇಣು, ಅಂದರೆ 50 ಸೆಂಟಿಮೀಟರಿನಷ್ಟು ಮುಂದಿದ್ದರೆ ಆ ಮಿತಿ ಅರ್ಧಕ್ಕೆ ಇಳಿಯುತ್ತದೆ. ನೆಲದಿಂದ ಎತ್ತಿದರೆ, ತಿರುಗಿದರೆ, ಮತ್ತೆ ಮತ್ತೆ ಎತ್ತಿದರೆ ಇನ್ನೂ ಇಳಿಯುತ್ತದೆ. ನಾನು ಮಾಡಿದ್ದೇನು? 30 ಕಿಲೋವನ್ನು ನೆಲದಿಂದ, ಮೈಯಿಂದ ದೂರದಲ್ಲಿ ಹಿಡಿದು, ತಿರುಗಿಕೊಂಡು ಎತ್ತಿದೆ. ಇದು ಹಿಂದೆಯೇ ಆಗದಿದ್ದುದೇ ಪುಣ್ಯ!

ಕೆಲಸಗಾರರು ಹೊರುವ ಭಾರಕ್ಕೆ ಮಿತಿ ಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಒಂದು ಒಡಂಬಡಿಕೆ ಮಾಡಿತು. ಆರೋಗ್ಯಕ್ಕೆ ಧಕ್ಕೆ ತರುವಷ್ಟು ಭಾರವನ್ನು ಯಾರ ಮೇಲೂ ಹೊರಿಸಬಾರದು, ಹೆಂಗಸರ ಭಾರ ಗಂಡಸರದ್ದಕ್ಕಿಂತ ಸಾಕಷ್ಟು ಕಡಿಮೆಯಿರಬೇಕು ಎಂದು ಅದರಲ್ಲಿದೆ. ನಮ್ಮ ದೇಶವೂ 2010ರಲ್ಲಿ ಅದನ್ನು ಅನುಮೋದಿಸಿತು. ಆದರೆ ನಮ್ಮ ಬಚ್ಚಲಿಗೆ, ಬಾವಿಕಟ್ಟೆಗೆ ಬಂದು ತೂಕ ಹಾಕುವ ಇನ್‌ಸ್ಪೆಕ್ಟರ್ ಯಾರಿದ್ದಾರೆ? ಇಲ್ಲಿ ನಾವೇ ಇನ್‌ಸ್ಪೆಕ್ಟರ್!

ಈಗ ಇನ್ನೊಬ್ಬಳ ಕಥೆ

ನಮ್ಮ ಮನೆಗೆ ಪಾತ್ರೆ, ಬಟ್ಟೆಗೆ ಒಬ್ಬಾಕೆ ಬರುತ್ತಾಳೆ. ನನ್ನದೇ ವಯಸ್ಸು. ನಮ್ಮಲ್ಲಿ ಮುಗಿಸಿ ಇನ್ನೂ ಎರಡು ಮನೆಗೆ ಹೋಗುತ್ತಾಳೆ. ಕೊಯ್ಲಿನ ಕಾಲದಲ್ಲಿ ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆಯನ್ನೂ ಸುಲಿಯುತ್ತಾಳೆ. ಈ ಸಲದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ, ತೊಳೆದ ಪಾತ್ರೆಯ ದೊಡ್ಡ ಬಕೀಟು ಎತ್ತಿಕೊಂಡು ಹಿತ್ತಿಲ ಕಲ್ಲಿನಿಂದ ಬರುವಾಗ ಪಾಚಿಯ ಮೇಲೆ ಕಾಲಿಟ್ಟಳು. ಪಾದ ಒಳಕ್ಕೆ ಮಡಚಿಕೊಂಡಿತು, ಕೂತುಬಿಟ್ಟಳು. ನಾನು ಓಡಿದೆ. "ಏನಿಲ್ಲಮ್ಮಾ, ಸ್ವಲ್ಪ ಉಳುಕ್ತು" ಎಂದು ನಕ್ಕು, ಸೀರೆಯ ಹರಕಿನ ಪಟ್ಟಿ ಬಿಗಿದುಕೊಂಡು, ಉಳಿದ ಎರಡು ಮನೆಗೂ ಹೋದಳು.

ಮರುದಿನ ಬಂದಾಗ ಕಾಲು ಹರಿವೆ ಬಣ್ಣಕ್ಕೆ ತಿರುಗಿ ಬಾತಿತ್ತು. "ಯಾಕೆ ಬಂದೆ ಮಾರಾಯ್ತಿ, ಮನೇಲಿ ಮಲಗೋದಲ್ವಾ?" ಎಂದು ಬೈದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ನಿಮ್ಮಲ್ಲಾದ್ರೆ ಸೈ ಅಮ್ಮಾ. ಆ ಮನೆಯೋರು ನಾಲ್ಕು ದಿನ ನೋಡ್ತಾರೆ, ಆಮೇಲೆ ಬೇರೆಯೋರ್‍ನ ಇಟ್ಕೋತಾರೆ."

ನನಗೆ ಮಾತು ಹೊರಡಲಿಲ್ಲ. ನನ್ನ ಸೊಂಟಕ್ಕೆ ಎಂಟು ದಿನದ ವಿಶ್ರಾಂತಿ ಸಿಕ್ಕಿತ್ತು. ಅವಳ ಕಾಲಿಗೆ ಎಂಟು ಗಂಟೆಯೂ ಇಲ್ಲ. ಬಿದ್ದದ್ದು ನನ್ನ ಮನೆಯ ಪಾಚಿಯಲ್ಲಿ, ಹೊತ್ತದ್ದು ನನ್ನ ಮನೆಯ ಬಕೀಟು. ಆ ಪಾಚಿಯನ್ನು ನಾನು ಹದಿನೈದು ದಿನದಿಂದ ನೋಡುತ್ತಲೇ ಇದ್ದೆ, ಪಕ್ಕದಿಂದ ದಾಟಿಕೊಂಡು ಓಡಾಡುತ್ತಿದ್ದೆ. ಕೈಯಲ್ಲಿ ಏನೂ ಇಲ್ಲದ ನನಗೆ ಪಕ್ಕಕ್ಕೆ ದಾಟಲು ಆಗುತ್ತಿತ್ತು. ತುಂಬಿದ ಬಕೀಟು ಹಿಡಿದವಳಿಗೆ ನೆಲ ಎಲ್ಲಿ ಕಾಣಬೇಕು?

ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೂಳೆ ಮುರಿದಿರಲಿಲ್ಲ. ಆದರೂ ಸರಿಯಾಗಿ ಕಾಲೂರಲು ಮೂರು ವಾರ ಹಿಡಿಯಿತು. ಅವಳು ಹೆದರಿದ್ದ ಹಾಗೇ ಒಂದು ಮನೆಯ ಕೆಲಸ ತಪ್ಪಿತು. ಅದಕ್ಕೇ ಈ ಲೇಖನ.

ಉಳುಕು ಬೇರೆ, ಸೆಳೆತ ಬೇರೆ

ನಾವು ಎಲ್ಲಕ್ಕೂ 'ಉಳುಕು' ಅಂದುಬಿಡುತ್ತೇವೆ. ಮೂಳೆಗೂ ಮೂಳೆಗೂ ಹಗ್ಗದಂತೆ ಕಟ್ಟಿರುವ ರಜ್ಜು ಎಳೆದು ಹರಿದರೆ ಅದು ಉಳುಕು. ಕಾಲಿನ ಹರಡು, ಮಣಿಕಟ್ಟು, ಮೊಣಕಾಲಿನಂಥ ಕೀಲುಗಳಲ್ಲಿ ಆಗುವಂಥದ್ದು. ಮಾಂಸಖಂಡವೋ, ಅದನ್ನು ಮೂಳೆಗೆ ಅಂಟಿಸುವ ನಾರೋ ಹೆಚ್ಚಾಗಿ ಎಳೆದುಕೊಂಡರೆ ಅದು ಸೆಳೆತ. ಸೊಂಟ, ಭುಜ, ತೊಡೆಯ ಹಿಂಭಾಗಕ್ಕೆ ಬರುವುದು ಹೆಚ್ಚಾಗಿ ಇದು. ಒಂದೇ ಏಟಿಗೆ ಆಗುವುದೂ ಉಂಟು. ದಿನವೂ ಅದೇ ಕೆಲಸವನ್ನು ಅದೇ ಭಂಗಿಯಲ್ಲಿ ಮಾಡಿ ಮಾಡಿ ಹಗ್ಗ ಸವೆದ ಹಾಗೆ ಆಗುವುದೂ ಉಂಟು. ಎಳೆಮಗುವನ್ನು ಎತ್ತಿ ಎತ್ತಿ ಬಾಣಂತಿಯರಿಗೆ ಹೆಬ್ಬೆರಳ ಬುಡದಲ್ಲಿ ನೋವು ಬರುತ್ತದಲ್ಲ, ಅದು ಈ ಎರಡನೆಯ ಬಗೆಯದು.

ಎತ್ತುವ ಮುನ್ನ

ತಂಗಿಯ ಮಗಳು ನನಗೆ ಕಲಿಸಿದ ಕ್ರಮ ಇದು.

ಮೊದಲು ದಾರಿ ನೋಡಿ. ಹೊಸ್ತಿಲು, ನೀರು, ಮಕ್ಕಳ ಚಪ್ಪಲಿ ಏನಿದೆ ಎಂದು ತಿಳಿದ ಮೇಲೆ ವಸ್ತುವಿಗೆ ಕೈ ಹಚ್ಚಿ. ನೆರಿಗೆ ಎತ್ತಿ ಸಿಕ್ಕಿಸಿ, ಸೆರಗನ್ನು ಸೊಂಟಕ್ಕೆ ಕಟ್ಟಿ.

ಕಾಲಿನಿಂದ ಸ್ವಲ್ಪ ನೂಕಿ ಭಾರ ಪರೀಕ್ಷಿಸಿ. ಅಲುಗಾಡದಿದ್ದರೆ ಅದು ಒಬ್ಬರ ಕೆಲಸವಲ್ಲ.

ಪಾದಗಳನ್ನು ಒಂದಕ್ಕೊಂದು ದೂರವಾಗಿ, ಒಂದನ್ನು ತುಸು ಮುಂದಿಟ್ಟು ನಿಲ್ಲಿ. ಸೊಂಟದಿಂದ ಮಾತ್ರ ಬಗ್ಗದೆ, ಮೊಣಕಾಲನ್ನೂ ಮಡಚಿ ಇಳಿಯಿರಿ. ವಸ್ತುವನ್ನು ಹೊಟ್ಟೆಗೆ ಅವಚಿಕೊಂಡು, ಕಾಲಿನ ಬಲದಿಂದ ಏಳಿ. ಎಳೆಯದನ್ನು ಎತ್ತಿಕೊಳ್ಳುವಾಗ ಎದೆಗೊತ್ತಿಕೊಳ್ಳುವುದಿಲ್ಲವೇ, ಹಾಗೆ. ಉಸಿರು ಬಿಗಿಹಿಡಿಯಬೇಡಿ.

ತಿರುಗಬೇಕಾದರೆ ಸೊಂಟ ತಿರುಚಬೇಡಿ. ಪಾದವನ್ನೇ ಹೆಜ್ಜೆ ಹೆಜ್ಜೆಯಾಗಿ ತಿರುಗಿಸಿ. ಇಳಿಸುವಾಗಲೂ ಇದೇ ಕ್ರಮ. ಇಳಿಸುವಾಗ 'ಮುಗೀತಲ್ಲ' ಎಂಬ ಉದಾಸೀನದಿಂದಲೇ ಎಷ್ಟೋ ಸೊಂಟಗಳು ಹೋಗುತ್ತವೆ.

ಇಲ್ಲಿ ಒಂದು ಮಾತು ನೆನಪಿಡಿ. ಎತ್ತುವ ಕ್ರಮ ಕಲಿತರಷ್ಟೇ ಸಾಲದು. ಬರೀ ಪಾಠ ಹೇಳಿಕೊಟ್ಟು ಸೊಂಟನೋವು ಹೆಚ್ಚೇನೂ ಕಡಿಮೆಯಾಗಲಿಲ್ಲವೆಂದು ಪರೀಕ್ಷೆ ಮಾಡಿ ನೋಡಿದವರೇ ಹೇಳಿದ್ದಾರಂತೆ. ಭಾರವನ್ನೇ ಇಳಿಸಬೇಕು, ವಸ್ತುವಿನ ಜಾಗವನ್ನೇ ಬದಲಿಸಬೇಕು. ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಎತ್ತಿದರೆ ಏನೂ ಆಗುವುದಿಲ್ಲವೆಂದೂ ನಂಬಬೇಡಿ.

ಮನೆಯಲ್ಲಿ ಮಾಡಬಹುದಾದ ಬದಲಾವಣೆ

ಸಿಲಿಂಡರ್ ತಂದವರಿಗೆ ಅಡಿಗೆಮನೆಯವರೆಗೂ ತಂದಿಡಲು ಹೇಳಿ. ಸಂಕೋಚ ಬೇಡ. ಗಾಲಿ ಇರುವ ಸ್ಟ್ಯಾಂಡ್ ಸಿಗುತ್ತದೆ, ಒಂದು ತಂದಿಡಿ. ಎತ್ತಲೇಬೇಕಾದರೆ ಇಬ್ಬರು ಎರಡು ಕಡೆ ಮೇಲಿನ ಬಳೆ ಹಿಡಿದು ಎತ್ತಿ.

25 ಕಿಲೋ ಅಕ್ಕಿ ಚೀಲವನ್ನು ಎತ್ತಿ ಡಬ್ಬಕ್ಕೆ ಸುರಿಯಬೇಡಿ. ಚೀಲ ಇದ್ದಲ್ಲೇ ಇರಲಿ, ಸೇರಿನಿಂದ ತುಂಬಿ. ಹಂಡೆಗೂ ಹಾಗೇ: ತುಂಬಿದ ಕೊಡವನ್ನು ಎದೆಯ ಮಟ್ಟಕ್ಕೆತ್ತಿ ಸುರಿಯುವುದರ ಬದಲು ಚೊಂಬಿನಿಂದ ಹಾಕಿ, ಇಲ್ಲವೇ ಪೈಪು ಬಿಡಿ.

ಭಾರದ ಕುಕ್ಕರು, ಕಾವಲಿ, ಹಿಟ್ಟಿನ ಡಬ್ಬಗಳು ಮೊಣಕಾಲಿಗೂ ಎದೆಗೂ ನಡುವಿನ ಅಂತಸ್ತಿನಲ್ಲಿರಲಿ. ಮೇಲಿನ ಅಟ್ಟಕ್ಕೆ ಹಪ್ಪಳ, ಸಂಡಿಗೆಯಂಥ ಹಗುರವಾದುವು ಹೋಗಲಿ.

ದೊಡ್ಡ ಬಕೀಟು ಒಂದರ ಬದಲು ಚಿಕ್ಕವು ಎರಡು ಇರಲಿ. ಎರಡು ಕೈಗೆ ಎರಡಾದರೆ ಮೈ ಒಂದೇ ಕಡೆ ವಾಲುವುದಿಲ್ಲ. ಕೊಡ ಹೊರುವವರು ಸೊಂಟವನ್ನು ಸರದಿಯಂತೆ ಬದಲಿಸಿ. ಒದ್ದೆ ಬಟ್ಟೆಯ ರಾಶಿಯನ್ನು ಒಟ್ಟಿಗೇ ಎತ್ತಬೇಡಿ. ಹಿಂಡಿದಷ್ಟನ್ನು ಎರಡು ಸಲ ಒಯ್ಯಿರಿ.

ಬೆಳಿಗ್ಗೆ ಎದ್ದ ಕೂಡಲೇ ಬಗ್ಗಿ ನೀರೆತ್ತುವುದು, ಭಾರ ಹೊರುವುದು ಬೇಡ. ರಾತ್ರಿ ಮಲಗಿದಾಗ ಬೆನ್ನೆಲುಬಿನ ನಡುವಿನ ಮೆತ್ತೆಗಳು ನೀರು ಹೀರಿಕೊಂಡು ಉಬ್ಬಿರುತ್ತವೆ. ಆಗ ಬಗ್ಗಿದರೆ ಅವುಗಳ ಮೇಲೆ ಒತ್ತಡ ಹೆಚ್ಚು. ಕಾಫಿ, ತಿಂಡಿಗೆ ಹೆಚ್ಚುವುದು ಮೊದಲು ಆಗಲಿ; ಒಂದು ಗಂಟೆ ಕಳೆದು ಬಾವಿಕಟ್ಟೆಗೆ ಹೋಗಿ.

ಅಡಿಕೆ ಸುಲಿಯುವವರು, ಹೂ ಕಟ್ಟುವವರು, ಹೊಲಿಗೆ ಮಿಷನ್ನಿನವರು ಅರ್ಧ ಗಂಟೆಗೊಮ್ಮೆ ಎದ್ದು ನಿಂತು, ಕೈಯನ್ನು ಸೊಂಟಕ್ಕೊತ್ತಿ ನಾಲ್ಕು ಸಲ ಹಿಂದಕ್ಕೆ ಬಾಗಿ. ಕೂರುವ ಮಣೆ ತುಸು ಎತ್ತರವಿದ್ದಷ್ಟೂ ಮೊಣಕಾಲಿಗೆ ಹಿತ. ಸುಲಿದದ್ದನ್ನು ಹಾಕುವ ಬುಟ್ಟಿ ಹಿಂದೆ ಅಥವಾ ಬಗಲಲ್ಲಿ ಬೇಡ, ಮುಂದೆ ಕೈಗೆಟುಕುವಲ್ಲಿರಲಿ.

ಇನ್ನು ಪಾಚಿ. ಬ್ಲೀಚಿಂಗ್ ಪೌಡರ್ ಎರಚಿ, ಸ್ವಲ್ಪ ಹೊತ್ತು ಬಿಟ್ಟು ಕಡ್ಡಿಪೊರಕೆಯಿಂದ ಉಜ್ಜಿ ತೊಳೆಯಿರಿ. ಕಕ್ಕಸು ತೊಳೆಯುವ ಆಸಿಡ್ಡನ್ನು ಮಾತ್ರ ಅದರೊಂದಿಗೆ ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಬಚ್ಚಲ ಮೆಟ್ಟಿಲಿಗೆ ಒಂದು ದೀಪ, ಕಾಲಿಗೆ ಸವೆಯದ ಅಟ್ಟೆಯ ಚಪ್ಪಲಿ, ಇಷ್ಟಿದ್ದರೆ ಅರ್ಧ ಉಳುಕು ಮನೆಯೊಳಗೇ ಬರುವುದಿಲ್ಲ.

ಹಾಲು ಕಾಯುವಾಗಿನ ವ್ಯಾಯಾಮ

ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವುದು ಸುಲಭ. ಅದಕ್ಕೆ ಮದ್ದು ಸಮತೋಲನದ ಅಭ್ಯಾಸ. ಹಾಲು ಉಕ್ಕದಂತೆ ಕಾಯುತ್ತಾ ನಿಲ್ಲುತ್ತೀರಲ್ಲ, ಆಗ ಕಟ್ಟೆ ಹಿಡಿದು ಒಂದೇ ಕಾಲಿನ ಮೇಲೆ ಅರ್ಧ ನಿಮಿಷ ನಿಲ್ಲಿ, ಆಮೇಲೆ ಇನ್ನೊಂದು ಕಾಲು. ನಂತರ ಹತ್ತು ಸಲ ಹಿಮ್ಮಡಿ ಎತ್ತಿ ಇಳಿಸಿ. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂತರೆ ತೊಡೆಗೆ ಬಲ. ರಾತ್ರಿ ಮಲಗಿದಾಗ ಮೊಣಕಾಲು ಮಡಚಿ, ಪಾದ ಹಾಸಿಗೆಗೂರಿ, ಸೊಂಟವನ್ನು ಮೆಲ್ಲಗೆ ಮೇಲೆತ್ತಿ ಇಳಿಸಿ, ಹತ್ತು ಸಲ. ನನ್ನ ಮಗಳು "ಅಮ್ಮ ಕೊಕ್ಕರೆ ಆಗಿದ್ದಾಳೆ" ಎಂದು ನಗುತ್ತಾಳೆ. ನಗಲಿ!

ಆಗಿಯೇ ಬಿಟ್ಟರೆ?

ಕೆಲಸ ಅಲ್ಲಿಗೇ ನಿಲ್ಲಿಸಿ. 'ಇದೊಂದು ಮುಗಿಸಿಬಿಡ್ತೀನಿ' ಎನ್ನಬೇಡಿ.

ಉಳುಕಿದ ಜಾಗಕ್ಕೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15-20 ನಿಮಿಷ ಇಡಿ. ಎರಡು-ಮೂರು ಗಂಟೆಗೊಮ್ಮೆ ಹೀಗೆ ಮಾಡಿ. ಬರಿಯ ಚರ್ಮಕ್ಕೆ ಮಂಜುಗಡ್ಡೆ ತಾಗಿಸಬಾರದು. ಫ್ರಿಜ್ ಇಲ್ಲವೇ? ಬಾವಿಯ ತಣ್ಣೀರಿನ ಒದ್ದೆ ಬಟ್ಟೆ ಸಾಕು. ಕ್ರೇಪ್ ಬ್ಯಾಂಡೇಜನ್ನು ಬೆರಳ ಬುಡದಿಂದ ಮೇಲಕ್ಕೆ ಸುತ್ತಿ. ಬೆರಳು ಜೋಮು ಹಿಡಿದರೆ, ನೀಲಿಯಾದರೆ ಕೂಡಲೇ ಸಡಿಲಿಸಿ. ಮಲಗಿದಾಗ ಕಾಲ ಕೆಳಗೆ ಎರಡು ದಿಂಬಿರಲಿ.

ಮೊದಲ ಎರಡು-ಮೂರು ದಿನ ಬಿಸಿ ಶಾಖ, ಬಿಸಿ ಎಣ್ಣೆ, ತಿಕ್ಕುವುದು, ಎಳೆಯುವುದು ಬೇಡವೇ ಬೇಡ, ಬಾವು ಹೆಚ್ಚುತ್ತದೆ. ಸುಣ್ಣ-ಅರಿಶಿನದ ಪಟ್ಟು ಹಾಕುವ ರೂಢಿ ನಮ್ಮಲ್ಲುಂಟು. ಸುಣ್ಣ ಚರ್ಮ ಸುಡಬಹುದು, ತರಚಿದ ಜಾಗಕ್ಕಂತೂ ಹಚ್ಚಬೇಡಿ. ಕಾಲು ಮುಂದಾಗಿ ಹುಟ್ಟಿದವರು ಪಾಪ, ತಮ್ಮ ಪಾಡಿಗೆ ತಾವಿರಲಿ. ಮೂಳೆ ಬಿರುಕು ಬಿಟ್ಟಿದ್ದರೆ ಅವರ ಒದೆತ ಎಲ್ಲಿಗೆ ಒಯ್ಯುತ್ತದೋ!

ಸೊಂಟದ ಸೆಳೆತಕ್ಕೆ ವಾರಗಟ್ಟಲೆ ಮಲಗುವುದು ಈಗ ಯಾರೂ ಹೇಳುವುದಿಲ್ಲ. ಒಂದೆರಡು ದಿನ ಸುಧಾರಿಸಿಕೊಂಡು ಮನೆಯಲ್ಲೇ ಮೆಲ್ಲಗೆ ಓಡಾಡಲು ಶುರುಮಾಡಿದವರು ಬೇಗ ಗುಣವಾಗುತ್ತಾರೆ. ನಾನು ಎಂಟು ದಿನ ಮಲಗಿದ್ದೂ ಹೆಚ್ಚೇ ಆಯಿತೆಂದು ತಂಗಿಯ ಮಗಳು ಗದರಿದಳು.

ಉಳುಕಿದ ಕಾಲಿನಿಂದ ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ, ಹರಡಿನ ಮೂಳೆಯನ್ನೇ ಒತ್ತಿದಾಗ ನೋವಾದರೆ ಎಕ್ಸ್‌ರೇ ತೆಗೆಸಲೇಬೇಕು. ಸೊಂಟನೋವಿನ ಜೊತೆ ಕಾಲು ಬಲಗುಂದಿದರೆ, ಕೂರುವ ಜಾಗ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ನೋವಿನೊಡನೆ ಜ್ವರ ಬಂದರೂ, ವಯಸ್ಸಾದವರು ಬಿದ್ದರೂ ತಡಮಾಡಬೇಡಿ.

ಕೊನೆಯದಾಗಿ

ಆ ಮೂರು ವಾರವೂ ಅವಳ ಸಂಬಳ ಕೊಟ್ಟೆವು. ದಾನ ಮಾಡಿದೆನೆಂದು ಹೇಳಿಕೊಳ್ಳುತ್ತಿಲ್ಲ. ನಮ್ಮ ಯಜಮಾನರಿಗೆ ಸೊಂಟ ಹಿಡಿದರೆ ಆಫೀಸಿನವರು ಸಂಬಳ ಹಿಡಿಯುತ್ತಾರೆಯೇ? ಪಾತ್ರೆ ತೊಳೆಯಲು ನಾನೇ ಹಿತ್ತಿಲಿಗೆ ಹೋದಾಗ ಗೊತ್ತಾಯಿತು, ಆ ಕಲ್ಲು ಎಷ್ಟು ತಗ್ಗಿನಲ್ಲಿದೆಯೆಂದು. ಎರಡು ದಿನಕ್ಕೇ ಬೆನ್ನು ಮಾತಾಡತೊಡಗಿತು. ಅವಳು ಹನ್ನೊಂದು ವರ್ಷದಿಂದ ಅಲ್ಲಿ ಬಗ್ಗುತ್ತಿದ್ದಳು!

ಈಗ ಇಟ್ಟಿಗೆ ಇಟ್ಟು ಕಲ್ಲನ್ನು ಎತ್ತರಿಸಿದ್ದೇವೆ. ಪಾಚಿ ಪ್ರತಿ ಶನಿವಾರ ಹೋಗುತ್ತದೆ. ದೊಡ್ಡ ಬಕೀಟು ಕೊಟ್ಟಿಗೆ ಸೇರಿದೆ, ಚಿಕ್ಕವು ಎರಡು ಬಂದಿವೆ. ಮೊದಲ ದಿನ ಅವಳು ನೋಡಿ, "ಈಗ ಎರಡು ಸಲ ಓಡಾಡೋ ಹಂಗಾಯ್ತಲ್ಲಮ್ಮಾ" ಎಂದು ಗೊಣಗಿದಳು. "ಓಡಾಡು ಮಾರಾಯ್ತಿ, ಕಾಲಿದ್ರೆ ತಾನೆ ಓಡಾಡೋದು" ಅಂದೆ. ನಕ್ಕಳು.

ತಪ್ಪಿದ ಆ ಒಂದು ಮನೆಯ ಕೆಲಸ ಮಾತ್ರ ಅವಳಿಗೆ ಇನ್ನೂ ಸಿಕ್ಕಿಲ್ಲ. ಅದನ್ನು ನೆನೆದಾಗಲೆಲ್ಲ ನನಗೆ ಆ ಹದಿನೈದು ದಿನದ ಪಾಚಿ ಕಣ್ಣಿಗೆ ಕಟ್ಟುತ್ತದೆ. ಸೋದರಿಯರೇ, ಈ ಪುಟ ಮಡಚಿಟ್ಟು ಒಮ್ಮೆ ನಿಮ್ಮ ಹಿತ್ತಿಲಿಗೂ ಹೋಗಿಬನ್ನಿ. ಕೈಯಲ್ಲಿ ತುಂಬಿದ ಬಕೀಟಿದೆ, ಕೆಳಗಿನ ನೆಲ ಕಾಣುತ್ತಿಲ್ಲ ಎಂದುಕೊಂಡು ನಡೆದು ನೋಡಿ. ಏನು ಸರಿಪಡಿಸಬೇಕೆಂದು ಆಗ ನಿಮಗೇ ತಿಳಿಯುತ್ತದೆ.